ಲಾರಿಯ ಚಕ್ರ ಬೇರಿಂಗ್ ಮತ್ತು ಮುಂಗಡೆ ಸಸ್ಪೆನ್ಷನ್ನಿನ ಸವೆತ

ಲಾರಿಯ ಚಕ್ರವನ್ನು ಹೊತ್ತು ತಿರುಗಿಸುವ ಬೇರಿಂಗ್‌ಗಳೂ ಮುಂಚಕ್ರಗಳನ್ನು ಚಾಸಿಗೆ ಬಿಗಿಯುವ ಕಮಾನು, ಕಿಂಗ್‌ಪಿನ್, ಬುಶ್ ಮೊದಲಾದ ಭಾಗಗಳೂ ಬಳಕೆಯಿಂದ ತೇದು, ನಿಗದಿತ ಮಿತಿಗಿಂತ ಹೆಚ್ಚು ಸಡಿಲವಾಗುವುದಕ್ಕೆ ಚಕ್ರ ಬೇರಿಂಗ್ ಮತ್ತು ಮುಂಗಡೆ ಸಸ್ಪೆನ್ಷನ್ನಿನ ಸವೆತ ಎಂದು ಹೆಸರು. ಸದ್ದು, ಬಿಸಿ, ಆಟ, ಗ್ರೀಸ್ ಸೋರಿಕೆ ಮತ್ತು ಟೈರಿನ ತೇಯ್ಮಾನ ಎಂಬ ಐದು ಕುರುಹುಗಳಿಂದ ಇದನ್ನು ಪತ್ತೆಹಚ್ಚಲಾಗುತ್ತದೆ. ಈ ಕುರುಹುಗಳಲ್ಲಿ ಯಾವುದೊಂದೂ ತಾನಾಗಿ ದೋಷದ ಜಾಗವನ್ನು ತೋರಿಸುವುದಿಲ್ಲ. ಅಲುಗಾಡುವ ಚಕ್ರಕ್ಕೆ ಬೇರಿಂಗ್ ಕಾರಣವಿರಬಹುದು, ಕಿಂಗ್‌ಪಿನ್ ಇರಬಹುದು, ಸ್ಟೇರಿಂಗ್ ಕೊಂಡಿಯೂ ಇರಬಹುದು. ಇವುಗಳನ್ನು ಒಂದರಿಂದೊಂದು ಬೇರ್ಪಡಿಸುವುದೇ ಪರೀಕ್ಷೆಯ ತಿರುಳು.

ಈ ಲೇಖನದಲ್ಲಿ ‘ಆಟ’ ಎಂದರೆ ಜೋಡಿಸಿದ ಎರಡು ಭಾಗಗಳ ನಡುವಿನ ಸಡಿಲ ಚಲನೆ. ಗ್ಯಾರೇಜುಗಳಲ್ಲಿ ಇದನ್ನೇ ‘ಪ್ಲೇ’ ಎನ್ನುತ್ತಾರೆ. ‘ಅಚ್ಚು’ ಎಂದರೆ ಎರಡು ಚಕ್ರಗಳನ್ನು ಹೊತ್ತ ಅಡ್ಡತೊಲೆ. ‘ಕಮಾನು’ ಎಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿದ ಸ್ಪ್ರಿಂಗ್. ‘ಕಪ್’ ಬೇರಿಂಗಿನ ಹೊರಬಳೆ, ‘ಕೋನ್’ ಒಳಬಳೆ. ಕೋಲಾರ ಜಿಲ್ಲೆಯ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಮತ್ತು ಬಂಗಾರಪೇಟೆ ಪ್ರದೇಶದ ರಸ್ತೆ, ಹೊರೆ ಮತ್ತು ಧೂಳಿನ ಹಿನ್ನೆಲೆಯಲ್ಲಿ ವಿಷಯವನ್ನು ನಿರೂಪಿಸಲಾಗಿದೆ.

ಹಿನ್ನೆಲೆ

ಇಂದಿನ ಲಾರಿಯ ಮುಂಗಡೆ ಭಾಗಗಳಲ್ಲಿ ಹೆಚ್ಚಿನವು ಕುದುರೆಗಾಡಿಯಿಂದ ಬಂದವು. ಗಾಡಿಯ ಅಚ್ಚಿಗೆ ಗುಂಡು ಬೇರಿಂಗ್ ಅಳವಡಿಸುವ ವಿನ್ಯಾಸಕ್ಕೆ ವೇಲ್ಸ್‌ನ ಫಿಲಿಪ್ ವಾನ್ 1794ರಲ್ಲಿ ಪೇಟೆಂಟ್ ಪಡೆದ. ಅಂಡಾಕಾರದ ಕಮಾನಿಗೆ ಒಬಡಯಾ ಎಲಿಯಟ್ ಇಂಗ್ಲೆಂಡಿನಲ್ಲಿ 1804ರಲ್ಲಿ ಪೇಟೆಂಟ್ ಮಾಡಿಸಿದ. ಅಚ್ಚು ನಿಂತಲ್ಲೇ ಇದ್ದು ಅದರ ತುದಿಯ ಚಕ್ರಗಳು ಮಾತ್ರ ಹೊರಳುವ ಸ್ಟೇರಿಂಗ್ ಪದ್ಧತಿಯನ್ನು ಜರ್ಮನಿಯ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್ ರೂಪಿಸಿದ. 1818ರಲ್ಲಿ ಅದರ ಪೇಟೆಂಟ್ ಪಡೆದ ರುಡಾಲ್ಫ್ ಆಕರ್‌ಮನ್‌ನ ಹೆಸರೇ ಪದ್ಧತಿಗೆ ಉಳಿಯಿತು. ಲಾರಿಗಳ ಪಾಲಿಗೆ ನಿರ್ಣಾಯಕವಾದದ್ದು ಓರೆ ರೋಲರ್ ಬೇರಿಂಗ್. ಅಮೆರಿಕದ ಗಾಡಿ ತಯಾರಕ ಹೆನ್ರಿ ಟಿಮ್‌ಕೆನ್ ಇದಕ್ಕೆ 1898ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮೊದಲು, 1877ರಲ್ಲಿ, ಈತ ಪೇಟೆಂಟ್ ಮಾಡಿಸಿದ್ದು ಗಾಡಿಯ ಸ್ಪ್ರಿಂಗ್ ಒಂದಕ್ಕೆ.

ಇದಕ್ಕೆ ಪ್ರತಿಯಾಗಿ ನಮ್ಮ ಸಾಂಪ್ರದಾಯಿಕ ಎತ್ತಿನ ಗಾಡಿಯಲ್ಲಿ ಬೇರಿಂಗ್ ಇರಲಿಲ್ಲ. ಚಕ್ರದ ನಡುವಿನ ಗುಂಬದೊಳಗೆ ಅಚ್ಚು ನೇರವಾಗಿ ಉಜ್ಜುತ್ತಿತ್ತು, ಕೀಲೆಣ್ಣೆಯೇ ಅದರ ಆಸರೆ. ಪ್ರಯಾಣಿಕರಿಗಾಗಿ ಬಂದ ಕಮಾನು ಬಂಡಿಯಲ್ಲಿ ಮಾತ್ರ ಸ್ಪ್ರಿಂಗ್ ಇತ್ತು.

ಕೋಲಾರ ಪ್ರದೇಶದಲ್ಲಿ ಭಾರದ ಸಾಗಣೆ ಮೊದಲು ರೈಲನ್ನು ನೆಚ್ಚಿತ್ತು. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ಮಾರ್ಗ 1864ರಲ್ಲಿ ತೆರೆಯಿತು. ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಚಿನ್ನದ ಗಣಿಗಳಿಗೆಂದು 1894ರಲ್ಲಿ ಕವಲು ಮಾರ್ಗ ಬಂತು. ಗಣಿಗೆ ಬೇಕಾದ ಯಂತ್ರ, ಕಲ್ಲಿದ್ದಲು, ಮರಮುಟ್ಟು ಈ ಹಳಿಯ ಮೇಲೆ ಸಾಗುತ್ತಿದ್ದವು. ಲಾರಿಯ ಕಾಲ ಸ್ವಾತಂತ್ರ್ಯಾನಂತರದ್ದು. 1954ರಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟಾರ್ಸ್) ಸಂಸ್ಥೆ ಡೈಮ್ಲರ್-ಬೆಂಝ್ ಜೊತೆಗೂಡಿ ಲಾರಿ ತಯಾರಿಕೆ ಆರಂಭಿಸಿತು. ಜಿಲ್ಲೆಗೆ ಸಮೀಪದ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ 1980ರಲ್ಲಿ ಕಾರ್ಖಾನೆ ತೆರೆಯಿತು. 1964ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಬೆಮೆಲ್‌ನ ಕೆಜಿಎಫ್ ಘಟಕ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳಂಥ ಮಣ್ಣು ಅಗೆಯುವ ಯಂತ್ರಗಳಿಗೆ ಹೆಸರಾಯಿತು. ಚಿನ್ನದ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು.

ರಚನೆ

ಸಾಮಾನ್ಯ ಲಾರಿಯ ಮುಂದಿನ ಅಚ್ಚು ಬಡಿದು ರೂಪಿಸಿದ ಉಕ್ಕಿನ ಒಂದೇ ತೊಲೆ. ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ‘ಐ’ ಅಕ್ಷರದ ಆಕಾರ. ಅದರ ಎರಡು ತುದಿಯ ತೂತುಗಳಲ್ಲಿ ನೆಟ್ಟಗೆ ನಿಲ್ಲುವ ದಪ್ಪ ಉಕ್ಕಿನ ಕಡ್ಡಿಯೇ ಕಿಂಗ್‌ಪಿನ್. ಸ್ಟಬ್ ಆಕ್ಸಲ್ ಎಂಬ ಭಾಗವು ಕಿಂಗ್‌ಪಿನ್ನನ್ನು ಮೇಲೆ ಕೆಳಗೆ ಕವಚಿ ಹಿಡಿದು, ಅದರ ಸುತ್ತ ಎಡಬಲಕ್ಕೆ ಹೊರಳುತ್ತದೆ. ಮೇಲೊಂದು ಕೆಳಗೊಂದು ಬುಶ್ ಎಂಬ ಲೋಹದ ಕಿರುಕೊಳವೆ ಇದ್ದು, ಕಿಂಗ್‌ಪಿನ್ ಅದರಲ್ಲಿ ಉಜ್ಜುತ್ತದೆ. ಅಚ್ಚಿನ ತುದಿಗೂ ಸ್ಟಬ್ ಆಕ್ಸಲ್ಲಿನ ಕೆಳತೋಳಿಗೂ ನಡುವೆ ಕೂರುವ ಥ್ರಸ್ಟ್ ಬೇರಿಂಗ್ ಲಾರಿಯ ಭಾರವನ್ನು ಹೊತ್ತು, ಹೊರಳುವಿಕೆಯನ್ನು ಹಗುರಗೊಳಿಸುತ್ತದೆ.

ಸ್ಟಬ್ ಆಕ್ಸಲ್ಲಿನ ಹೊರಚಾಚಿದ ದಂಡದ ಮೇಲೆ ಚಕ್ರದ ನಡುಗುಂಬವಾದ ಹಬ್ ತಿರುಗುತ್ತದೆ. ಹಬ್ಬಿನೊಳಗೆ ಎರಡು ಓರೆ ರೋಲರ್ ಬೇರಿಂಗ್‌ಗಳು ಎದುರುಬದುರಾಗಿ ಕೂತಿರುತ್ತವೆ: ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು. ಕಪ್ ಹಬ್ಬಿಗೆ ಬಿಗಿಯಾಗಿ ಹೊಡೆದು ಕೂರಿಸಿದ್ದು. ಕೋನ್ ದಂಡದ ಮೇಲೆ ಕೈಯಿಂದ ಜಾರಿಸಿದರೆ ಕೂರುವಂಥದ್ದು. ನಡುವಿನ ರೋಲರ್‌ಗಳನ್ನು ಕೇಜ್ ಸಮದೂರದಲ್ಲಿ ಹಿಡಿದಿಡುತ್ತದೆ. ರೋಲರ್‌ಗಳು ಓರೆಯಾಗಿರುವುದರಿಂದ ಮೇಲಿನ ಭಾರದ ಜೊತೆಗೆ ತಿರುವಿನಲ್ಲಿ ಬೀಳುವ ಅಡ್ಡ ಒತ್ತಡವನ್ನೂ ಈ ಜೋಡಿ ತಾಳುತ್ತದೆ. ಇದೇ ಕಾರಣಕ್ಕೆ ದಂಡದ ತುದಿಯಲ್ಲಿ ಹಬ್ಬನ್ನು ಹಿಡಿದಿಡುವ ನಟ್ಟಿನ ಬಿಗಿತ ಎಷ್ಟಿದೆ ಎಂಬುದರ ಮೇಲೆ ಬೇರಿಂಗಿನ ಆಯುಷ್ಯ ನಿಂತಿದೆ. ನಟ್ಟು ಸಡಿಲವಾದರೆ ರೋಲರ್‌ಗಳು ಬಡಿದುಕೊಳ್ಳುತ್ತವೆ; ಅತಿ ಬಿಗಿಯಾದರೆ ಕಾದು ಸುಡುತ್ತವೆ. ಒಳಬದಿಯ ಆಯಿಲ್ ಸೀಲ್ ಗ್ರೀಸನ್ನು ಒಳಗೂ ನೀರು-ಧೂಳನ್ನು ಹೊರಗೂ ಇಡುತ್ತದೆ. ಹೊರಬದಿಗೆ ಹಬ್ ಕ್ಯಾಪ್.

ಅಚ್ಚಿನ ಮೇಲೆ ಎರಡು ಬದಿಗೂ ಕಮಾನು. ಅದರ ಪಟ್ಟಿಗಳನ್ನು ನಡುವೆ ತೂರಿದ ಸೆಂಟರ್ ಬೋಲ್ಟ್ ಒಟ್ಟುಗೂಡಿಸಿದರೆ, ಯು ಬೋಲ್ಟ್‌ಗಳು ಕಮಾನನ್ನು ಅಚ್ಚಿಗೆ ಬಿಗಿಯುತ್ತವೆ. ಎಲ್ಲಕ್ಕಿಂತ ಮೇಲಿನ ಉದ್ದ ಪಟ್ಟಿಯ ಎರಡು ತುದಿಗಳನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಒಂದು ಕಣ್ಣು ಪಿನ್ನಿನ ಮೂಲಕ ಚಾಸಿಗೆ ನೇರವಾಗಿ ಸೇರುತ್ತದೆ. ಕಮಾನು ಬಾಗಿದಾಗ ಉದ್ದವಾಗುವುದರಿಂದ ಇನ್ನೊಂದು ಕಣ್ಣನ್ನು ಶ್ಯಾಕಲ್ ಎಂಬ ತೂಗುಕೊಂಡಿಗೆ ಸಿಕ್ಕಿಸಿರುತ್ತಾರೆ. ಶಾಕ್ ಅಬ್ಸಾರ್ಬರ್ ಕಮಾನಿನ ಕುಣಿತವನ್ನು ತಗ್ಗಿಸುತ್ತದೆ. ಎರಡು ಚಕ್ರಗಳ ಸ್ಟಬ್ ಆಕ್ಸಲ್‌ಗಳನ್ನು ಟೈ ರಾಡ್ ಜೋಡಿಸುತ್ತದೆ; ಸ್ಟೇರಿಂಗ್ ಬಾಕ್ಸಿನಿಂದ ಬರುವ ತಳ್ಳುವಿಕೆಯನ್ನು ಡ್ರ್ಯಾಗ್ ಲಿಂಕ್ ತಲುಪಿಸುತ್ತದೆ. ಎರಡರ ತುದಿಗಳಲ್ಲೂ ಬಾಲ್ ಜಾಯಿಂಟ್‌ಗಳಿವೆ.

ಬಗೆಗಳು

ಮೇಲೆ ವಿವರಿಸಿದ ಬಹುಪಟ್ಟಿ ಕಮಾನು ಹಳೆಯ ಹಾಗೂ ಭಾರಿ ಲಾರಿಗಳದ್ದು. ಈಚಿನ ಅನೇಕ ಲಾರಿಗಳಲ್ಲಿ ಪ್ಯಾರಾಬೋಲಿಕ್ ಕಮಾನು ಇದೆ. ಇದರ ಪಟ್ಟಿಗಳು ಎರಡೋ ಮೂರೋ. ನಡುವೆ ದಪ್ಪಗಿದ್ದು ತುದಿಗೆ ತೆಳ್ಳಗಾಗುತ್ತವೆ. ಪಟ್ಟಿಗಳು ಒಂದಕ್ಕೊಂದು ಉಜ್ಜುವುದು ಕಡಿಮೆ, ಓಟ ಮೃದು. ಆದರೆ ಪಟ್ಟಿಗಳ ಸಂಖ್ಯೆಯೇ ಕಡಿಮೆಯಾದ್ದರಿಂದ ಒಂದು ಮುರಿದರೂ ಹೊರೆಯ ದೊಡ್ಡ ಪಾಲು ಆಸರೆ ಕಳೆದುಕೊಳ್ಳುತ್ತದೆ. ಕೆಲವು ಪಿಕಪ್ ವಾಹನಗಳಲ್ಲಿ ಎರಡು ಮುಂಚಕ್ರಗಳಿಗೂ ಬೇರೆಬೇರೆ ತೋಳುಗಳಿರುವ ಸ್ವತಂತ್ರ ಸಸ್ಪೆನ್ಷನ್ ಇದ್ದು, ಕಿಂಗ್‌ಪಿನ್ನಿನ ಜಾಗದಲ್ಲಿ ಬಾಲ್ ಜಾಯಿಂಟ್‌ಗಳು ಇರುತ್ತವೆ. ಬೆಮೆಲ್ ಸೇನೆಗಾಗಿ ಒದಗಿಸಿದ ಟಟ್ರಾ ಲಾರಿಗಳದು ಬೇರೆಯದೇ ಜಾತಿ. ಅವುಗಳಲ್ಲಿ ಅಡ್ಡತೊಲೆಯೇ ಇಲ್ಲ, ನಡುಗೊಳವೆಯೊಂದರ ಎರಡು ಬದಿಗೆ ಅರ್ಧ ಅಚ್ಚುಗಳು ಏರಿಳಿಯುತ್ತವೆ. ಗಣಿ ಡಂಪರ್‌ಗಳಲ್ಲಿ ಅನಿಲ ಮತ್ತು ಎಣ್ಣೆ ತುಂಬಿದ ಸಿಲಿಂಡರುಗಳೇ ಸ್ಪ್ರಿಂಗಿನ ಕೆಲಸ ಮಾಡುತ್ತವೆ.

ಸವೆತದ ಕಾರಣಗಳು

ಮೊದಲ ಕಾರಣ ಹೊರೆ. ರೋಲರ್ ಬೇರಿಂಗಿನ ಲೆಕ್ಕದ ಆಯುಷ್ಯವು ಅದರ ಮೇಲಿನ ಹೊರೆಯ 10/3ನೇ ಘಾತಕ್ಕೆ ವಿಲೋಮವಾಗಿರುತ್ತದೆ ಎಂಬುದು ಐಎಸ್‌ಒ 281 ಮಾನಕದ ಸೂತ್ರ. ಇದರ ಪ್ರಕಾರ ಹೊರೆ ಕಾಲು ಭಾಗ ಹೆಚ್ಚಿದರೆ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೊರೆ ಇಮ್ಮಡಿಯಾದರೆ ಆಯುಷ್ಯದ ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಇಲ್ಲಿ ಆಯುಷ್ಯವೆಂದರೆ 100 ಬೇರಿಂಗ್‌ಗಳಲ್ಲಿ 90 ದಾಟುವ ಓಟ. ಉಳಿದ 10 ಅದಕ್ಕೂ ಮೊದಲೇ ಕೆಡಬಹುದು. ಟೇಕಲ್ ಮತ್ತು ಸುತ್ತಿನ ಕಲ್ಲು ಕ್ವಾರಿಗಳಿಂದ ಜಲ್ಲಿ, ಎಂ-ಸ್ಯಾಂಡ್, ಗ್ರಾನೈಟ್ ದಿಮ್ಮಿ, ಮಾಲೂರಿನ ಇಟ್ಟಿಗೆ ಹೊರುವ ಲಾರಿಗಳಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಅಚ್ಚಿನ ಭಾರದ ಮಿತಿಯನ್ನು ಏರಿಸಿತು. ನಾಲ್ಕು ಟೈರಿನ ಅಚ್ಚಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಹಳೆಯ ಮಿತಿಗೆಂದೇ ತಯಾರಾದ ಹಬ್ ಇದರಿಂದ ಗಟ್ಟಿಯಾಗಲಿಲ್ಲ ಎಂಬುದನ್ನು ಹಳೆಯ ಲಾರಿ ಕೊಳ್ಳುವವರು ಗಮನಿಸಬೇಕಾಗುತ್ತದೆ.

ಎರಡನೆಯದು ಧೂಳು. ಕೋಲಾರದ ಚಿನ್ನದ ಅದಿರು ಬೆಣಚುಕಲ್ಲಿನ ಪದರಗಳಲ್ಲಿತ್ತು. ಅದನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಬಳಿಕ ಉಳಿದ ಮರಳೇ ಕೆಜಿಎಫ್‌ನ ‘ಸೈನೈಡ್ ದಿಬ್ಬ’ಗಳು. ಬೇಸಿಗೆಯ ಗಾಳಿಗೆ ಈ ಪುಡಿ ಊರ ರಸ್ತೆಗಳ ಮೇಲೆ ಹರಡುತ್ತದೆ. ಕ್ರಷರ್ ಹಾದಿಗಳ ಧೂಳೂ ಹೆಚ್ಚುಕಡಿಮೆ ಇದೇ ಗುಣದ್ದು. ಬೆಣಚಿನ ಕಣ ಸೀಲ್ ದಾಟಿ ಗ್ರೀಸಿಗೆ ಸೇರಿದರೆ ಬೇರಿಂಗಿನ ಗಡಸು ಉಕ್ಕನ್ನೂ ಉಜ್ಜಿ ಸವೆಸುತ್ತದೆ. ಹಬ್ ಬಿಚ್ಚಿದ ಜಾಗ ಬಯಲಾಗಿದ್ದರೆ, ಗ್ರೀಸ್ ಡಬ್ಬಿಯ ಮುಚ್ಚಳ ತೆರೆದಿಟ್ಟಿದ್ದರೆ, ಇದೇ ಪುಡಿ ದುರಸ್ತಿಯ ಹೊತ್ತಿನಲ್ಲೇ ಒಳಸೇರುತ್ತದೆ.

ಮೂರನೆಯದು ನೀರು. ಓಡಿ ಬಿಸಿಯಾದ ಹಬ್ ಮಳೆನೀರು ತುಂಬಿದ ರೈಲ್ವೆ ಅಂಡರ್‌ಪಾಸಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆ ಸೆಳೆತಕ್ಕೆ ಹಳೆಯ ಸೀಲಿನ ತುಟಿಯ ಮೂಲಕ ನೀರು ಒಳನುಗ್ಗುತ್ತದೆ. ಹಾನಿ ಅದೇ ದಿನ ಕಾಣುವುದಿಲ್ಲ. ಲಾರಿ ಕೆಲವು ದಿನ ನಿಂತಾಗ ರೋಲರ್ ಮುಟ್ಟಿದ ಗೆರೆಗಳಲ್ಲಿ ತುಕ್ಕು ಹಿಡಿಯುತ್ತದೆ.

ಇಳಿಜಾರಿನ ಬ್ರೇಕ್ ಬಿಸಿಯೂ ಸೇರುತ್ತದೆ. ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೊತ್ತು ಚೆನ್ನೈ ಕಡೆಗೆ ಹೋಗುವ ಲಾರಿಗಳು ಮುಳಬಾಗಿಲು, ನಂಗಲಿ ದಾಟಿ, ಪಲಮನೇರಿನ ಆಚೆ ಮೊಗಿಲಿ ಘಾಟಿಯಲ್ಲಿ ಇಳಿಯುತ್ತವೆ. ಅಲ್ಲಿ ಬ್ರೇಕ್ ಡ್ರಮ್ಮಿನ ಕಾವು ಹಬ್ಬಿಗೆ ಹರಿದು ಗ್ರೀಸನ್ನು ತೆಳುವಾಗಿಸುತ್ತದೆ. ರಸ್ತೆಯ ಗುಳಿ, ಹಂಪ್‌ಗಳ ಪೆಟ್ಟು ಬೇರಿಂಗಿಗಿಂತ ಕಮಾನಿಗೂ ಕಿಂಗ್‌ಪಿನ್ನಿಗೂ ಹೆಚ್ಚು ತಾಗುತ್ತದೆ. ನಮ್ಮಲ್ಲಿ ಎಡಬದಿಯ ಸಂಚಾರವಾದ್ದರಿಂದ ಡಾಂಬರಿನ ಅಂಚು ಕಿತ್ತ ಕಡೆ ಇಳಿದೇಳುವುದು ಹೆಚ್ಚಾಗಿ ಎಡಚಕ್ರ.

ಕೊನೆಯ ಕಾರಣ ತಪ್ಪು ಜೋಡಣೆ. ಹೊಸ ಬೇರಿಂಗ್ ಹಾಕಿಯೂ ಬೇಗನೆ ಕೆಟ್ಟಿತೆಂಬ ದೂರುಗಳಲ್ಲಿ ನಟ್ಟಿನ ಬಿಗಿತ, ಹಳೆಯ ಕಪ್ಪಿಗೆ ಹೊಸ ಕೋನ್ ಸೇರಿಸಿದ್ದು ಮತ್ತು ಹಳೆಯ ಸೀಲನ್ನೇ ಉಳಿಸಿದ್ದು, ಈ ಮೂರನ್ನು ಮೊದಲು ಪರಿಶೀಲಿಸಬೇಕು.

ಓಟದಲ್ಲಿ ಕಾಣುವ ಲಕ್ಷಣಗಳು

ಬೇರಿಂಗ್ ಸವೆತದ ಆರಂಭದ ಸದ್ದು ಸಣ್ಣ ಗುಂಯ್‌ಗುಡುವಿಕೆ. ವೇಗ ಏರಿದಂತೆ ಅದರ ಸ್ವರ ಏರುತ್ತದೆ. ಗೇರ್ ಬದಲಿಸಿದರೂ ಕ್ಲಚ್ ಒತ್ತಿದರೂ ಬದಲಾಗುವುದಿಲ್ಲ. ಹೀಗಾಗಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ಸದ್ದಿನಿಂದ ಇದನ್ನು ಬೇರ್ಪಡಿಸಬಹುದು. ಟೈರಿನ ಸದ್ದಿನಿಂದ ಬೇರ್ಪಡಿಸುವುದು ತುಸು ಕಷ್ಟ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದರೆ ಅದು ಟೈರಿನದು; ನೆಲ ಯಾವುದಾದರೂ ಒಂದೇ ಸಮ ಇದ್ದರೆ ಬೇರಿಂಗಿನ ಶಂಕೆ ಬಲವಾಗುತ್ತದೆ. ತಿರುವು ಇನ್ನೊಂದು ಸುಳಿವು. ಬಲಕ್ಕೆ ತಿರುಗುವಾಗ ಭಾರ ಎಡಚಕ್ರಕ್ಕೆ ಸರಿಯುತ್ತದೆ. ಆಗ ಸದ್ದು ಜೋರಾಗಿ, ಎಡಕ್ಕೆ ತಿರುಗಿದಾಗ ತಗ್ಗಿದರೆ ಎಡ ಹಬ್ ನೋಡಬೇಕು. ಸವೆತ ಮುಂದುವರಿದ ಮೇಲೆ ಸದ್ದು ಗರಗರ ಆಗುತ್ತದೆ, ಕೇಜ್ ಒಡೆದರೆ ಕಟಕಟ. ಆ ಹಂತದಲ್ಲಿ ಲಾರಿಯನ್ನು ಮುಂದಕ್ಕೆ ಓಡಿಸುವುದು ಅಪಾಯ. ರೋಲರ್‌ಗಳು ಉದುರಿದರೆ ಹಬ್ ದಂಡಕ್ಕೆ ಅಂಟಿಕೊಳ್ಳಬಹುದು, ಚಕ್ರವೇ ಕಳಚಿಕೊಳ್ಳಬಹುದು, ಗ್ರೀಸಿಗೆ ಬೆಂಕಿಯೂ ಹತ್ತಬಹುದು.

ಬಿಸಿಯನ್ನು ನೋಡುವ ಕ್ರಮವೆಂದರೆ ಎರಡು ಬದಿಯ ಹಬ್‌ಗಳನ್ನು ಒಂದಕ್ಕೊಂದು ಹೋಲಿಸುವುದು. ಹಬ್ ಬೆಚ್ಚಗಿರುವುದು ಸಹಜ. ಒಂದು ಬದಿ ಮಾತ್ರ ಎದ್ದು ಕಾಣುವಷ್ಟು ಕಾದಿದ್ದರೆ ದೋಷವಿದೆ. ಕೈಹಿಡಿಯ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮುಟ್ಟದೆ ಅಂಗೈಯನ್ನು ಹತ್ತಿರಕ್ಕೆ ಒಯ್ದು ನೋಡಬೇಕು, ಏಕೆಂದರೆ ಕೆಟ್ಟ ಹಬ್ ಚರ್ಮ ಸುಡುವಷ್ಟು ಕಾದಿರುತ್ತದೆ. ಬಿಡದೆ ಹಿಡಿದ ಬ್ರೇಕಿನಿಂದಲೂ ಇದೇ ಬಿಸಿ ಬರುತ್ತದೆ. ಡ್ರಮ್ಮಿನ ಸುತ್ತು ಹೆಚ್ಚು ಕಾದು ನಡುವಿನ ಕ್ಯಾಪ್ ಅಷ್ಟಾಗಿ ಕಾಯದಿದ್ದರೆ ಬ್ರೇಕ್, ಕ್ಯಾಪಿನ ಸುತ್ತಲೇ ಕಾವು ಮೊದಲು ಏರಿದ್ದರೆ ಬೇರಿಂಗ್.

ಸಸ್ಪೆನ್ಷನ್ ದೋಷ ಕೈಗೆ ಹೆಚ್ಚು, ಕಿವಿಗೆ ಕಡಿಮೆ ಗೊತ್ತಾಗುತ್ತದೆ. ಗುಳಿ ಹಾರಿದ ಮೇಲೆ ನಿಗದಿತ ವೇಗವೊಂದರಲ್ಲಿ ಸ್ಟೇರಿಂಗ್ ಥರಥರ ಆಡಿ, ವೇಗ ತಗ್ಗಿಸಿದಾಗ ನಿಲ್ಲುವುದನ್ನು ಚಾಲಕರು ‘ವಾಬ್ಲಿಂಗ್’ ಎನ್ನುತ್ತಾರೆ. ಕಿಂಗ್‌ಪಿನ್ ಬುಶ್, ಟೈ ರಾಡ್ ತುದಿ, ಚಕ್ರದ ಬ್ಯಾಲೆನ್ಸ್, ಅಚ್ಚಿನ ಓರೆಕೋನ, ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟಾಗಲೇ ಇದು ತೀವ್ರವಾಗುವುದು. ತಿರುವು ಮುಗಿದ ಮೇಲೂ ಸ್ಟೇರಿಂಗ್ ತಾನಾಗಿ ನೆಟ್ಟಗಾಗದೆ ಬಿಗಿಯಾಗಿದ್ದರೆ ಕಿಂಗ್‌ಪಿನ್ ಗ್ರೀಸ್ ಇಲ್ಲದೆ ಹಿಡಿದುಕೊಂಡಿರಬಹುದು. ಹಂಪ್ ದಾಟುವಾಗಿನ ‘ಧಡ್’ ಶ್ಯಾಕಲ್ ಪಿನ್ನಿನದೋ ಕಮಾನು ತಳಕ್ಕೆ ಬಡಿದದ್ದೋ ಆಗಿರುತ್ತದೆ. ಲಾರಿ ಸದಾ ಎಡಕ್ಕೆ ಎಳೆಯುತ್ತದೆಂಬ ದೂರನ್ನು ಮಾತ್ರ ಎಚ್ಚರದಿಂದ ಒಪ್ಪಬೇಕು. ನೀರು ಹರಿಯಲೆಂದು ರಸ್ತೆಯನ್ನೇ ಅಂಚಿಗೆ ಇಳಿಜಾರಾಗಿ ಕಟ್ಟಿರುವುದರಿಂದ ದೋಷವಿಲ್ಲದ ಲಾರಿಯೂ ತುಸು ಎಡಕ್ಕೆ ವಾಲುತ್ತದೆ.

ನಿಲ್ಲಿಸಿ ಪರೀಕ್ಷಿಸುವ ಕ್ರಮ

ಗಟ್ಟಿಯಾದ ಸಮನೆಲ, ಹಿಂಚಕ್ರಗಳಿಗೆ ಎರಡು ಕಡೆಯೂ ಅಡ್ಡಕಟ್ಟೆ, ಹಾಕಿದ ಪಾರ್ಕಿಂಗ್ ಬ್ರೇಕ್: ಇವು ಮೊದಲ ಷರತ್ತು. ಜಾಕಿಯನ್ನು ಚಾಸಿಗಲ್ಲ, ಅಚ್ಚಿನ ತೊಲೆಗೇ ಕೊಟ್ಟು ಟೈರು ನೆಲ ಬಿಡುವಷ್ಟು ಎತ್ತಬೇಕು. ಎತ್ತಿದ ಮೇಲೆ ಭಾರವನ್ನು ಸ್ಟ್ಯಾಂಡಿಗೆ ಇಳಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳುವುದನ್ನು ಯಾವ ಕೈಪಿಡಿಯೂ ಒಪ್ಪುವುದಿಲ್ಲ.

ಟೈರನ್ನು ಮೇಲ್ತುದಿ ಮತ್ತು ಕೆಳತುದಿಯಲ್ಲಿ ಹಿಡಿದು, ಒಂದು ಕೈಯಿಂದ ತಳ್ಳಿ ಇನ್ನೊಂದರಿಂದ ಎಳೆಯುತ್ತ ಅಲುಗಾಡಿಸಬೇಕು. ಭಾರಿ ಲಾರಿಯಲ್ಲಿ ಟೈರಿನ ಕೆಳಗೆ ಹಾರೆ ತೂರಿ ಮೀಟುವುದು ಸುಲಭ. ಆಟ ಕಂಡರೆ, ನೆರವಿನವರೊಬ್ಬರು ಕ್ಯಾಬಿನ್ನಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದಿರಬೇಕು. ಆಗ ಮತ್ತೆ ಅಲುಗಾಡಿಸಬೇಕು. ಬ್ರೇಕ್ ಹಿಡಿದಾಗ ಡ್ರಮ್ಮು ಸ್ಟಬ್ ಆಕ್ಸಲ್ಲಿಗೆ ಬಿಗಿದ ತಟ್ಟೆಯೊಡನೆ ಒಂದಾಗುವುದರಿಂದ ಬೇರಿಂಗಿನ ಸಡಿಲ ಮುಚ್ಚಿಹೋಗುತ್ತದೆ. ಆಟ ಮಾಯವಾದರೆ ದೋಷ ಬೇರಿಂಗಿನದು ಅಥವಾ ಹಬ್ ನಟ್ಟಿನದು. ಬ್ರೇಕ್ ಹಿಡಿದರೂ ಆಟ ಉಳಿದರೆ ಕಿಂಗ್‌ಪಿನ್ ಮತ್ತು ಅದರ ಬುಶ್‌ನದು. ಆಟ ತಗ್ಗಿಯೂ ಪೂರ್ತಿ ಹೋಗದಿದ್ದರೆ ಎರಡೂ ಸವೆದಿವೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಬೇರಿಂಗ್ ಬದಲಿಸಿದ ಲಾರಿಗಳು ಅದೇ ದೂರಿನೊಂದಿಗೆ ಗ್ಯಾರೇಜಿಗೆ ಮರಳುವುದು ಸಾಮಾನ್ಯ.

ಕಿಂಗ್‌ಪಿನ್ನಿನ ಸಣ್ಣ ಆಟ ಟೈರಿನಂಚಿಗೆ ದೊಡ್ಡದಾಗಿ ಕಾಣುತ್ತದೆ. ಎರಡು ಬುಶ್‌ಗಳ ನಡುವೆ 200 ಮಿ.ಮೀ. ಅಂತರವಿದ್ದು, ಪ್ರತಿಯೊಂದರಲ್ಲೂ 0.4 ಮಿ.ಮೀ. ಸಡಿಲವಿದ್ದರೆ, 1 ಮೀಟರ್ ವ್ಯಾಸದ ಚಕ್ರದ ಮೇಲಂಚು ಸುಮಾರು 2 ಮಿ.ಮೀ. ಅಲುಗುತ್ತದೆ. ಬೇರಿಂಗಿನಲ್ಲಿ ಅನುಮತಿಸುವ ಆಟ ಇದಕ್ಕಿಂತ ತೀರ ಚಿಕ್ಕದು. ಹಬ್ಬಿನ ಉದ್ದದ ದಿಕ್ಕಿನಲ್ಲಿ ಡಯಲ್ ಗೇಜ್ ಇಟ್ಟು ಅಳೆದಾಗ 0.025ರಿಂದ 0.127 ಮಿ.ಮೀ. ಒಳಗಿರಬೇಕೆಂಬುದು ಹೊಂದಿಸಬಹುದಾದ ಹಬ್‌ಗಳಿಗೆ ವ್ಯಾಪಕವಾಗಿ ಒಪ್ಪಿದ ಮಿತಿ. ಆದಾಗ್ಯೂ ಆಯಾ ಲಾರಿಯ ಕೈಪಿಡಿಯ ಅಂಕಿಯೇ ಅಂತಿಮ.

ಮುಂದೆ ಟೈರನ್ನು ಎಡ ಬಲ ಬದಿಗಳಲ್ಲಿ ಹಿಡಿದು ಅಲುಗಾಡಿಸಬೇಕು. ಇಲ್ಲಿ ಮಾತ್ರ ಆಟ ಕಂಡು, ಮೇಲೆ ಕೆಳಗೆ ಹಿಡಿದಾಗ ಕಾಣದಿದ್ದರೆ ಟೈ ರಾಡ್ ಅಥವಾ ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟ್ ಸವೆದಿದೆ. ಜಾಯಿಂಟಿನ ಮೇಲೆ ಬೆರಳಿಟ್ಟರೆ ಯಾವುದು ಕಟಕ್ಕೆನ್ನುತ್ತದೆ ಎಂದು ತಿಳಿಯುತ್ತದೆ. ಹಾರೆಯಿಂದ ಚಕ್ರವನ್ನು ನೇರ ಮೇಲಕ್ಕೆ ಮೀಟಿದಾಗ ಸ್ಟಬ್ ಆಕ್ಸಲ್ ಅಚ್ಚಿನ ತುದಿಯಿಂದ ಏರಿಳಿದರೆ ಥ್ರಸ್ಟ್ ಬೇರಿಂಗ್ ಕುಸಿದಿದೆ. ಸ್ವತಂತ್ರ ಸಸ್ಪೆನ್ಷನ್ನಿನ ಪಿಕಪ್‌ನಲ್ಲಿ ಜಾಕಿಯ ಜಾಗ ಬದಲಾಗುತ್ತದೆ: ಸ್ಪ್ರಿಂಗ್ ಯಾವ ತೋಳಿನ ಮೇಲೆ ಕೂತಿದೆಯೋ ಆ ತೋಳಿನಡಿ ಎತ್ತದಿದ್ದರೆ ಬಾಲ್ ಜಾಯಿಂಟಿನ ಆಟ ಅಡಗಿಕೊಳ್ಳುತ್ತದೆ.

ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಕಮಾನಿನ ಮೇಲೆ ಇಡಬೇಕು. ಬ್ರೇಕ್ ಲೈನಿಂಗ್ ಒರೆಸುವ ಸದ್ದು ಕಿವಿಗೆ ಕೇಳಿಸುತ್ತದೆ. ಬೇರಿಂಗಿನ ಒರಟು ಅದಕ್ಕೂ ಮೊದಲು ಅಂಗೈಗೆ ನಡುಕವಾಗಿ ಬರುತ್ತದೆ. ಚಕ್ರದ ಒಳಬದಿಯಲ್ಲಿ ಗ್ರೀಸ್ ಸಿಡಿದಿದ್ದರೆ ಸೀಲ್ ಹೋಗಿದೆ. ಆ ಗ್ರೀಸ್ ಲೈನಿಂಗಿಗೆ ತಾಗಿದ್ದರೆ ಬ್ರೇಕ್ ಹಾಕಿದಾಗ ಲಾರಿ ಇನ್ನೊಂದು ಬದಿಗೆ ಎಳೆಯುತ್ತದೆ.

ಕಮಾನಿನ ಪರೀಕ್ಷೆ ಬಹುಪಾಲು ಕಣ್ಣಿನದು. ಖಾಲಿ ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ ಎರಡು ಬದಿಯಲ್ಲೂ ನೆಲದಿಂದ ಚಾಸಿಗೆ ಅಳೆದರೆ ಯಾವ ಬದಿ ಕುಗ್ಗಿದೆ ಎಂಬುದು ತಿಳಿಯುತ್ತದೆ. ಪಟ್ಟಿ ಹೆಚ್ಚಾಗಿ ಕಟ್ ಆಗುವುದು ಸೆಂಟರ್ ಬೋಲ್ಟಿನ ತೂತಿನಲ್ಲಿ ಅಥವಾ ಕಣ್ಣಿನ ಬುಡದಲ್ಲಿ. ಯು ಬೋಲ್ಟ್ ಮುಚ್ಚಿರುವ ಕಡೆಯ ಬಿರುಕು ಹೊರಗೆ ಕಾಣುವುದಿಲ್ಲ. ಪಟ್ಟಿಗಳ ನಡುವಿಂದ ಇಳಿದ ಕೆಂಪು ತುಕ್ಕಿನ ಗೆರೆ ಅದರ ಸುಳಿವು. ಯು ಬೋಲ್ಟ್ ಸಡಿಲವಾಗಿದ್ದರೆ ಅದು ಕೂತ ಜಾಗ ಉಜ್ಜಿ ಹೊಳೆಯುತ್ತದೆ. ಇದನ್ನು ಕಡೆಗಣಿಸಿದರೆ ಸೆಂಟರ್ ಬೋಲ್ಟ್ ತುಂಡಾಗಿ ಅಚ್ಚೇ ಹಿಂದಕ್ಕೋ ಮುಂದಕ್ಕೋ ಸರಿಯುತ್ತದೆ, ಲಾರಿ ಓರೆಯಾಗಿ ಓಡತೊಡಗುತ್ತದೆ. ಕಮಾನಿನ ಮುಂದಿನ ಪಿನ್ನಿನಿಂದ ಅಚ್ಚಿನ ನಡುವಿನವರೆಗಿನ ದೂರವನ್ನು ಎರಡು ಬದಿಗೂ ಟೇಪಿನಿಂದ ಅಳೆದು ಹೋಲಿಸಿದರೆ ಈ ಸರಿತ ಪತ್ತೆಯಾಗುತ್ತದೆ. ಶ್ಯಾಕಲ್ ಪಿನ್ನಿನ ಸವೆತವನ್ನು ಹಾರೆಯಿಂದ ಮೀಟಿ ನೋಡುತ್ತಾರೆ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿನುಗಿದ್ದರೆ ಅದು ಕೆಟ್ಟಿದೆ. ಒರಟು ರಸ್ತೆಯಲ್ಲಿ ಓಡಿ ಬಂದೊಡನೆ ಒಂದು ಬೆಚ್ಚಗೂ ಇನ್ನೊಂದು ತಣ್ಣಗೂ ಇದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ.

ಟೈರಿನ ತೇಯ್ಮಾನ

ಟೈರಿನ ಮೈಮೇಲೆ ಒಂದು ದಿಕ್ಕಿಗೆ ಕೈಯಾಡಿಸಿದಾಗ ನುಣುಪಾಗಿ, ಎದುರು ದಿಕ್ಕಿಗೆ ಗರಗಸದಂತೆ ತಗುಲಿದರೆ ಎರಡು ಚಕ್ರಗಳ ಮುಖಜೋಡಣೆ ತಪ್ಪಿದೆ. ಟೈ ರಾಡ್ ನೋಡಬೇಕು. ಒಂದೇ ಭುಜ ತೇದಿದ್ದರೆ ಚಕ್ರ ವಾಲಿದೆ, ಅಂದರೆ ಕಿಂಗ್‌ಪಿನ್ ಬುಶ್ ಸವೆದಿರಬಹುದು ಅಥವಾ ಅಚ್ಚು ಬಾಗಿರಬಹುದು. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂಥ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್, ಸಡಿಲ ಬೇರಿಂಗ್ ಅಥವಾ ಬ್ಯಾಲೆನ್ಸ್ ದೋಷ. ಎರಡು ಭುಜವೂ ತೇದು ನಡು ಉಳಿದಿದ್ದರೆ ಗಾಳಿ ಕಡಿಮೆ, ಅಷ್ಟೆ.

ಬಿಚ್ಚಿದ ಬೇರಿಂಗಿನ ಪರಿಶೀಲನೆ

ಬೇರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಬೇಕು. ಒಣಗಿಸಲು ಗಾಳಿ ಬಿಡುವಾಗ ರೋಲರ್‌ಗಳು ರಭಸವಾಗಿ ತಿರುಗದಂತೆ ಹಿಡಿದಿರಬೇಕು. ಲೋಹದ ಚಕ್ಕೆ ಎದ್ದಿದ್ದರೆ ಅದು ದಣಿವು: ಆಯುಷ್ಯ ತೀರಿದ್ದು ಅಥವಾ ಹೊರೆ ಮೀರಿದ್ದು. ಮೈ ಪೂರ್ತಿ ಮಾಸಿ ಬೂದಾಗಿದ್ದರೆ ಧೂಳು ಉಜ್ಜಿದೆ. ರೋಲರ್‌ಗಳಷ್ಟೇ ಅಂತರದಲ್ಲಿ ಕಪ್ಪು ತುಕ್ಕಿನ ಗೆರೆಗಳಿದ್ದರೆ ನೀರು ಸೇರಿ ಲಾರಿ ನಿಂತಿತ್ತು. ಅದೇ ಅಂತರದಲ್ಲಿ ತಗ್ಗುಗಳಿದ್ದರೆ ಪೆಟ್ಟು ಬಿದ್ದಿದೆ. ನೀಲಿ ಅಥವಾ ಕಂದು ಛಾಯೆ ಅತಿ ಬಿಸಿಯದು, ಅಂಥ ಉಕ್ಕು ಗಡಸುತನ ಕಳೆದುಕೊಂಡಿರುತ್ತದೆ. ಕಪ್‌ನ ಹೊರಮೈ ಹೊಳೆಯುತ್ತಿದ್ದರೆ ಅದು ಹಬ್ಬಿನೊಳಗೆ ತಿರುಗಿದೆ. ಆಗ ಬೇರಿಂಗ್ ಮಾತ್ರ ಬದಲಿಸಿದರೆ ಸಾಲದು, ಹಬ್ಬನ್ನೂ ಅಳೆಯಬೇಕು. ಚಾಸಿಗೆ ವೆಲ್ಡಿಂಗ್ ಮಾಡುವಾಗ ಅರ್ತಿಂಗ್ ತಂತಿಯನ್ನು ಹತ್ತಿರದಲ್ಲಿ ಸಿಕ್ಕಿಸದಿದ್ದರೆ ವಿದ್ಯುತ್ತು ಬೇರಿಂಗ್ ಮೂಲಕ ಹರಿದು ಸಣ್ಣ ಸುಟ್ಟ ಚುಕ್ಕಿಗಳನ್ನು ಬಿಡುತ್ತದೆ. ಬಾಡಿ ಕಟ್ಟಿಸಿದ ಅಥವಾ ರಿಪೇರಿ ಮಾಡಿಸಿದ ಲಾರಿಗಳಲ್ಲಿ ಇದನ್ನು ಹುಡುಕಬೇಕು.

ದುರಸ್ತಿ

ಕಪ್ ಮತ್ತು ಕೋನ್ ಒಟ್ಟಿಗೆ, ಸೀಲ್ ಪ್ರತಿ ಬಾರಿಯೂ ಹೊಸದು. ಕಪ್ಪನ್ನು ಮೃದು ಲೋಹದ ದಂಡದಿಂದ ಸುತ್ತಲೂ ಸಮನಾಗಿ ಬಡಿದು, ಇಲ್ಲವೇ ಪ್ರೆಸ್ಸಿನಲ್ಲಿ ಒತ್ತಿ, ತಳ ಮುಟ್ಟುವವರೆಗೆ ಕೂರಿಸಬೇಕು. ಗ್ರೀಸನ್ನು ಕೋನಿನ ರೋಲರ್‌ಗಳ ನಡುವೆ ಅಂಗೈಯಿಂದ ಒತ್ತಿ ತುಂಬಬೇಕು. ಹಬ್ಬಿನ ಪೊಳ್ಳಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿದರೆ ಗ್ರೀಸ್ ಕಡೆದುಕೊಂಡು ಕಾಯುತ್ತದೆ. ಲಿಥಿಯಂ ಗ್ರೀಸಿಗೆ ಜೇಡಿ ಆಧಾರದ ಗ್ರೀಸ್ ಬೆರೆತರೆ ಎರಡೂ ತೆಳುವಾಗಿ ಸೋರಬಹುದು. ಬಣ್ಣ ನೋಡಿ ಗ್ರೀಸಿನ ಜಾತಿ ತಿಳಿಯಲಾಗದು, ಡಬ್ಬಿಯ ಮೇಲಿನ ಬರಹ ಓದಬೇಕು. ನಟ್ಟನ್ನು ಹಬ್ ತಿರುಗಿಸುತ್ತಲೇ ಬಿಗಿದು, ರೋಲರ್‌ಗಳು ಕೂತ ಮೇಲೆ ಕೈಪಿಡಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಆಟ ಅಳೆದು, ಲಾಕ್ ವಾಷರ್ ಅಥವಾ ಸ್ಪ್ಲಿಟ್ ಪಿನ್ ಹಾಕಬೇಕು. ಕಿಂಗ್‌ಪಿನ್ ಬದಲಿಸಿದಾಗ ಹೊಸ ಬುಶ್‌ಗಳನ್ನು ರೀಮರ್‌ನಿಂದ ಅಳತೆಗೆ ತರುವ ಕೆಲಸ ಲೇತ್ ಅಂಗಡಿಗೆ ಹೋಗುತ್ತದೆ. ಕಮಾನಿನ ಮುರಿದ ಪಟ್ಟಿಯನ್ನು ವೆಲ್ಡ್ ಮಾಡುವುದು ಸಲ್ಲದು, ಶಾಖಕ್ಕೆ ಸ್ಪ್ರಿಂಗ್ ಉಕ್ಕಿನ ಹದ ಕೆಡುತ್ತದೆ. ಬಿಗಿದ ಯು ಬೋಲ್ಟ್‌ಗಳನ್ನು ಒಂದಷ್ಟು ಓಟದ ಬಳಿಕ ಮತ್ತೆ ಬಿಗಿಯಬೇಕು.

ಇಂದಿನ ಸ್ಥಿತಿ

ಕೋಲಾರ ಜಿಲ್ಲೆಯಲ್ಲಿ ವಾಹನ ನೋಂದಣಿ ಕೋಲಾರದ ಕೆಎ-07 ಮತ್ತು ಕೆಜಿಎಫ್‌ನ ಕೆಎ-08 ಸಂಕೇತಗಳಡಿ ನಡೆಯುತ್ತದೆ. ಸಾರಿಗೆ ವಾಹನಗಳ ಎಫ್‌ಸಿಯನ್ನು (ಅರ್ಹತಾ ಪ್ರಮಾಣಪತ್ರವನ್ನು) ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆಯೂ ಆಮೇಲೆ ಪ್ರತಿ ವರ್ಷವೂ ನವೀಕರಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಕಣ್ಣಳತೆಯ ತಪಾಸಣೆಯ ಬದಲು ಯಂತ್ರದ ತಪಾಸಣೆ ತರುವ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳು 2021ರಲ್ಲಿ ಪ್ರಕಟವಾದವು. ಚಕ್ರದ ಅಡ್ಡಜಾರು, ಸಸ್ಪೆನ್ಷನ್ ಮತ್ತು ಜಾಯಿಂಟಿನ ಆಟವನ್ನು ಅಳೆಯುವ ಉಪಕರಣಗಳು ಇಂಥ ಕೇಂದ್ರಗಳ ಸಜ್ಜಿನಲ್ಲಿವೆ. ಆದರೆ ಗ್ರೀಸ್ ಒಣಗಿದ ಹಬ್ ಪರೀಕ್ಷೆಯ ದಿನ ತಣ್ಣಗಿದ್ದರೆ ಯಂತ್ರದ ಕಣ್ಣಿಗೂ ಬೀಳದಿರಬಹುದು.

ಹೊಸ ಲಾರಿಗಳಲ್ಲಿ ಹೊಂದಿಸುವ ನಟ್ಟಿನ ಬದಲು ಕಾರ್ಖಾನೆಯಲ್ಲೇ ಆಟ ನಿಗದಿಪಡಿಸಿ ಗ್ರೀಸ್ ತುಂಬಿ ಮುಚ್ಚಿದ ಇಡಿಘಟಕದ ಬೇರಿಂಗ್‌ಗಳು ಹೆಚ್ಚುತ್ತಿವೆ. ಇವುಗಳಲ್ಲಿ ಗ್ರೀಸ್ ಬದಲಿಸುವಂತಿಲ್ಲ, ಸವೆದರೆ ಇಡೀ ಘಟಕವನ್ನೇ ಬದಲಿಸಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಲಾರಿಗಳಲ್ಲಿ ಬೇರಿಂಗ್ ಸಡಿಲವಾದಾಗ ಚಕ್ರದ ಸೆನ್ಸರಿಗೂ ಹಲ್ಲಿನ ಬಳೆಗೂ ನಡುವಿನ ಅಂತರ ಬದಲಾಗಿ, ಡ್ಯಾಶ್‌ಬೋರ್ಡಿನ ಎಬಿಎಸ್ ದೀಪ ಹತ್ತುತ್ತದೆ. ಸೆನ್ಸರ್ ಬದಲಿಸಿದರೂ ದೀಪ ಆರದಿದ್ದರೆ ಹಬ್ ಎತ್ತಿ ನೋಡಬೇಕು.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆಯಿಂದ ಬೇತಮಂಗಲದವರೆಗಿನ 71 ಕಿ.ಮೀ. ಭಾಗ 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಮಾಲೂರು, ಬಂಗಾರಪೇಟೆ, ಕೆಜಿಎಫ್ ಭಾಗದ ಲಾರಿಗಳಿಗೆ ಇದರಿಂದ ತಡೆಯಿಲ್ಲದೆ ಒಂದೇ ವೇಗದಲ್ಲಿ ದೂರ ಓಡುವ ರಸ್ತೆ ಸಿಕ್ಕಿದೆ. ಹಳ್ಳಿರಸ್ತೆಯ ನಿಧಾನ ಓಟದಲ್ಲಿ ಗೊತ್ತಾಗದ ಗುಂಯ್‌ಗುಡುವಿಕೆ ಮತ್ತು ವಾಬ್ಲಿಂಗ್ ಇಂಥ ರಸ್ತೆಯಲ್ಲಿ ಬೇಗ ಹೊರಬೀಳುತ್ತವೆ; ಬಿಡುವಿಲ್ಲದ ವೇಗದಲ್ಲಿ ಹಬ್ ತಣಿಯಲು ಸಮಯ ಸಿಗದಿರುವುದರಿಂದ, ಬಿಗಿತ ತಪ್ಪಿದ ಬೇರಿಂಗ್ ಕೆಡುವ ವೇಗವೂ ಹೆಚ್ಚುತ್ತದೆ.